ಬಾಯಿದ್ದೂ ಮೂಕರು

ನಮ್ಮ ವಾಚನಾಲಯದ ಹುಡುಗರು ಈ ಸಲದ ಪುಸ್ತಕಕ್ಕೆ ನನ್ನ ಹತ್ತಿರ ಒಂದು ಹಾಡು ಕೇಳಿದ್ದರು. ಹಾಡು ಕೊಡೂದಿಲ್ಲ, ಜಗಳ ಕೊಡ್ತೀನಿ ಅಂದೆ. ನಕ್ಕು ಕಾಗದ ಕೊಟ್ಟು ಹೋದರು. ನಾ ಕಲಿತದ್ದು ಏಳನೇ ಇಯತ್ತೆ. ಅಕ್ಷರ ತಪ್ಪಿದ್ದಲ್ಲಿ ಮಾಸ್ತರರು ತಿದ್ದಿ ಓದಿಕೊಳ್ಳಬೇಕು, ಮಾತು ಮಾತ್ರ ತಿದ್ದಬಾರದು.

ಜಗಳ ಹುಟ್ಟಿದ್ದು ಹಿಂಗ. ನನ್ನ ಮೊಮ್ಮಗಳು ಸೊಲ್ಲಾಪುರದ ಒಂದು ಕಾಲೇಜಿನಾಗ ಬಿ.ಕಾಂ. ಓದ್ತಾಳ. ಹೋದ ವರ್ಷ ಆಕಿಗೆ ಒಂದು ವಿಷಯ ಬಂತು. ವ್ಯಾಪಾರದಾಗ, ನೌಕರಿದಾಗ, ನಾಲ್ಕು ಮಂದಿ ಮುಂದ ನಿಂತು ಹ್ಯಾಂಗ ಮಾತಾಡಬೇಕು ಅನ್ನೂದು ಆ ವಿಷಯ. ಅದಕ್ಕ ಪುಸ್ತಕ ಅದ, ಪರೀಕ್ಷಾ ಅದ, ಮಾರ್ಕ್ಸ್ ಅವ. ಈ ಸುದ್ದಿ ಅಗಸಿ ಕಟ್ಟಿಗೆ ಮುಟ್ಟಿತು. ಒಬ್ಬ ಹಿರಿಯರು ಅಂದರು, "ಮಾತಾಡ್ಲಾಕ ಕಲಿಯೂದಕ್ಕ ಫೀ ಕಟ್ಟಬೇಕಂತ! ಹೆಣ್ಣುಮಕ್ಕಳಿಗೆ ಮಾತು ಕಲಸೂದಲ್ಲೋ ಮಾರಾಯಾ, ಬಂದ್ ಮಾಡೂದು ಕಲಸಬೇಕು." ಎಲ್ಲಾರೂ ನಕ್ಕರು. ನಾನೂ ನಕ್ಕೆ. ಮನಿಗೆ ಬಂದು ಊಟಕ್ಕ ಕುಂತಾಗ ಆ ನಗಿ ಗಂಟಲದಾಗ ಸಿಕ್ಕೊಂಡಿತು. ಯಾಕಂದ್ರ ಮಾತು ಬರಲಾರದ್ದಕ್ಕ ನಾ ಏನು ಕಳಕೊಂಡೀನಿ ಅನ್ನೂದು ನನಗ ಗೊತ್ತಿತ್ತು.

ನಿಮಗೆಲ್ಲಾ ಗೊತ್ತಿದ್ದಂಗ ನಾ ಹರದೇಶಿ ಹಾಡ್ತೀನಿ. ನಲವತ್ತು ವರ್ಷದ ಮ್ಯಾಲಾತು. ದುಧನಿ, ಮೈಂದರ್ಗಿ, ನಾಗಣಸೂರ, ಕರಜಗಿ, ಜೇವೂರ, ಅತ್ತ ಇಂಡಿ, ಇತ್ತ ಆಳಂದ, ಡಪ್ಪು ಹೆಗಲಿಗೆ ಹಾಕಿಕೊಂಡು ಹೋಗದ ಜಾತ್ರೆ ಇಲ್ಲ. ಹೊಸ ಹುಡುಗರಿಗೆ ತಿಳೀಲಿ ಅಂತ ಹೇಳ್ತೀನಿ. ಹರದೇಶಿಯವರು ಪುರುಷ ಹೆಚ್ಚು, ಶಿವ ಹೆಚ್ಚು ಅಂತ ಹಾಡಬೇಕು. ನಾಗೇಶಿಯವರು ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಅಂತ ಹಾಡಬೇಕು. ಮರಾಠಿಯವರು ಇದಕ್ಕೇ ಕಲಗೀ-ತುರಾ ಅಂತಾರ. ಒಂದು ಮೇಳ ಸವಾಲು ಒಗೀತದ, ಇನ್ನೊಂದು ಮೇಳ ಹಾಡಿನಾಗೇ ಜವಾಬು ಕೊಡಬೇಕು. ಬೆಳಕು ಹರಿಯೂತನಕ ಇದು ನಡೀತದ. ಜವಾಬು ಬರಲಿಲ್ಲ ಅಂದ್ರ ಮಂದಿ ಮುಂದನ ಸೋತಂಗ. ಸಾವಿರ ಮಂದಿ ಕುಂತರೂ ನನಗ ಎಂದೂ ಅಂಜಿಕಿ ಬಂದಿಲ್ಲ.

ಇಂಥಾ ನಾನು ಒಂದು ಸಕ್ಕರೆ ಕಾರಖಾನೆಯ ಸಭಾದಾಗ ನಾಲ್ಕು ಮಾತಾಡ್ಲಾಕ ಆಗದ ಕುಂತೆ. ಕಾರಖಾನೆಯ ಹೆಸರು ಬರೆಯೂದಿಲ್ಲ. ನಾ ಅದರ ಸಭಾಸದ, ಶೇರು ಅದ. ಆ ಸಾಲಿನ ಕಬ್ಬು ಜನವರಿಯಲ್ಲಿ ಕಡಿದು ಹೋಗಿತ್ತು. ಸಪ್ಟೆಂಬರದಾಗ ವಾರ್ಷಿಕ ಸಭಾ. ಅಲ್ಲೀತನಕ ಬಿಲ್ಲಿನ ಅರ್ಧ ಬಂದಿತ್ತು, ಅರ್ಧ ಇಲ್ಲ. ಎಲ್ಲಾರೂ ನನ್ನ ಮುಂದ ನೂಕಿದರು, "ನೀವು ಹಾಡವರು, ನಿಮಗ ಬಾಯಿ ಅದ, ಕೇಳ್ರಿ" ಅಂತ. ಎದ್ದು ನಿಂತೆ. ಮೈಕ ಕೈಯಾಗ ಬಂತು. ವೇದಿಕೆಯ ಮ್ಯಾಲ ಬಿಳೇ ಬಟ್ಟೆಯವರು. ಮಾತು ಮರಾಠಿದಾಗ ಆಡಬೇಕು. "ಸಾಹೇಬ, ಆಮಚಾ ಬಿಲ್ಲು..." ಅಂದೆ. ಮುಂದಿಂದು ಬರಲಿಲ್ಲ. ಬೀಜದ ಸಾಲ, ಮಗನ ಆಪರೇಶನ್, ಹೋದ ವರ್ಷದ ತೂಕದ ಸಂಶಯ, ಎಲ್ಲಾ ಒಮ್ಮೆಲೆ ಬಾಯಿಗೆ ಬಂದು ಬಾಗಿಲದಾಗ ಸಿಕ್ಕಿಬಿದ್ದವು. ಅಧ್ಯಕ್ಷರು ನಗುತ್ತ, ಬಹಳ ಪ್ರೀತಿಯಿಂದ, "ಬಸಾ ಮಾಮಾ, ಬಸಾ" ಅಂದರು. ಕುಂತೆ. ಹಿಂದಿನಿಂದ "ಮಂಜೂರ, ಮಂಜೂರ" ಅಂತ ಕೂಗಿದರು. ಹನ್ನೊಂದು ಠರಾವು ಅರ್ಧ ತಾಸಿನಾಗ ಪಾಸಾದವು. ಆಮೇಲೆ ಊಟ ಚಲೋ ಇತ್ತು. ಅದನ್ನೂ ಉಂಡು ಬಂದೆ, ಸುಳ್ಳು ಯಾಕ ಹೇಳಲಿ.

ಹಾಡು ಬೇರೆ, ಮಾತು ಬೇರೆ ಅಂತ ಅವತ್ತು ತಿಳೀತು. ಹಾಡಿನಾಗ ಡಪ್ಪು ಅದ, ತುಂತುಣಿ ಅದ, ಹಿಂದ ಜೀ ಜೀ ಅನ್ನವರು ಇಬ್ಬರು ಅದಾರ. ಮರೆತರ ಅವರು ಎತ್ತಿ ಕೊಡ್ತಾರ. ಅಲ್ಲಿ ನಾ ಪುರಾಣದ ಪರವಾಗಿ ಜಗಳಾಡ್ತೀನಿ. ಸ್ವಂತ ಹೊಟ್ಟೆಯ ಪರವಾಗಿ ಜಗಳಾಡ್ಲಾಕ ನನಗ ಯಾರೂ ಕಲಿಸಿದ್ದಿಲ್ಲ.

ಈಗ ಮೊಮ್ಮಗಳ ಪುಸ್ತಕಕ್ಕ ಬರ್ತೀನಿ. ಪುಸ್ತಕ ಇಂಗ್ಲಿಷಿನಾಗ ಅದ. ರವಿವಾರ ಮನಿಗೆ ಬಂದಾಗ ಆಕಿ ಓದಿ ನನಗ ಕನ್ನಡದಾಗ ಹೇಳ್ತಿದ್ದಳು. ನಾ ದನಕ್ಕ ಕಣಿಕಿ ಹಾಕ್ತ ಕೇಳ್ತಿದ್ದೆ. ಖರೆ ಹೇಳ್ತೀನಿ, ನನಗ ಭಾಳ ಸೇರಿತು. ಈ ವಿದ್ಯೆ ಸೂಟು-ಬೂಟಿನವರು ಹುಟ್ಟಿಸಿದ್ದು ಅಂತ ನಾ ತಿಳಿದಿದ್ದೆ. ಹಂಗಲ್ಲ ಅದು.

ಎರಡೂವರೆ ಸಾವಿರ ವರ್ಷದ ಹಿಂದೆ ಸಿಸಿಲಿ ಅನ್ನೂ ನಡುಗಡ್ಡೆಯಲ್ಲಿ ಸಿರಾಕ್ಯೂಸ್ ಅಂತ ಒಂದು ಊರು. ಅಲ್ಲಿ ದೊರೆಗಳು ಮಂದಿಯ ಹೊಲ ಕಸಕೊಂಡಿದ್ದರು. ಆ ದೊರೆಗಳನ್ನು ಓಡಿಸಿದ ಮ್ಯಾಲ ಹೊಲ ಹೊಳ್ಳಿ ಪಡೀಲಾಕ ಎಲ್ಲಾರೂ ಕೋರ್ಟಿಗೆ ಹೋಗಬೇಕಾತು. ತಮ್ಮ ಮಾತು ತಾವೇ ಆಡಬೇಕು. ಆಗ ಕೋರಾಕ್ಸ್ ಅನ್ನವ ಒಬ್ಬ, ಮೊದಲ ಏನು ಹೇಳಬೇಕು, ನಡುವ ಏನು, ಕಡೀಕ ಏನು ಅಂತ ಮಂದಿಗೆ ಕಲಿಸಿದ ಅಂತ ಹಳಬರು ಹೇಳ್ತಾರ. ಅಂದ್ರ ನೋಡ್ರಿ, ಭಾಷಣ ಕಲೆ ಹುಟ್ಟಿದ್ದೇ ಹೊಲ ಕಳಕೊಂಡವರ ಸಲುವಾಗಿ! ಕೋರಾಕ್ಸ್ ಅಂದ್ರ ಅವರ ಭಾಷೆಯಲ್ಲಿ ಕಾಗಿ ಅಂತ. ಅವನ ಶಿಷ್ಯ ಒಬ್ಬ ಫೀ ಕೊಡಲಿಲ್ಲ. ಕೋರ್ಟಿನಾಗ ಶಿಷ್ಯ ಹೇಳಿದ್ನಂತ: ನಾ ಈ ವಾದ ಗೆದ್ದರ ಕೋರ್ಟಿನ ಮಾತಿನಂತೆ ಕೊಡೂದಿಲ್ಲ, ಸೋತರ ನೀ ಸರಿಯಾಗಿ ಕಲಿಸಿಲ್ಲ ಅಂತಾತು, ಆಗೂ ಕೊಡೂದಿಲ್ಲ. ಗುರು ಅದೇ ಮಾತು ತಿರುವಿ ಹಾಕಿದ. ಪಂಚರು ಕೆಟ್ಟ ಕಾಗಿ, ಕೆಟ್ಟ ತತ್ತಿ ಅಂತ ಹೇಳಿ ಇಬ್ಬರನ್ನೂ ಹೊರಗ ಹಾಕಿದರಂತ. ಇದನ್ನ ಕೇಳಿ ನಾ ಹೊಟ್ಟೆ ಹಿಡಕೊಂಡು ನಕ್ಕೆ. ಇದು ನಮ್ಮ ಸವಾಲು-ಜವಾಬೇ.

ಇನ್ನ ಈ ಕಾಲದ ವ್ಯಾಪಾರದ ಭಾಷಣ. ಅದನ್ನ ಊರೂರಿಗೆ ಮುಟ್ಟಿಸಿದವರಲ್ಲಿ ದೊಡ್ಡ ಹೆಸರು ಡೇಲ್ ಕಾರ್ನೆಗಿ ಅನ್ನವಂದು. ಅಮೇರಿಕಾದ ಮಿಸೂರಿ ಪ್ರಾಂತದ ಬಡ ರೈತನ ಮಗ, 1888ರಾಗ ಹುಟ್ಟಿದಂವ. 1912ರಾಗ ನ್ಯೂಯಾರ್ಕಿನಾಗ ರಾತ್ರಿ ವರ್ಗ ಸುರು ಮಾಡಿದ. ಗುಮಾಸ್ತರು, ಸಾಮಾನು ಮಾರವರು ಅವನ ವಿದ್ಯಾರ್ಥಿಗಳು. ಮೊದಲನೇ ವರ್ಗದಾಗ ಅವನ ಹತ್ತಿರ ಇದ್ದ ಪಾಠ ಮುಗಿದು ಹೋತು, ಹೊತ್ತು ಉಳೀತು. ಏನು ಮಾಡಬೇಕು? ಒಬ್ಬೊಬ್ಬರನ್ನ ಎಬ್ಬಿಸಿ, ನಿಮಗ ಸಿಟ್ಟು ಬರಿಸಿದ್ದು ಯಾವುದು ಅದನ್ನ ಹೇಳ್ರಿ ಅಂದ. ಅಂಜುಬುರುಕರೆಲ್ಲಾ ಅಂಜಿಕಿ ಮರೆತು ಮಾತಾಡಿಬಿಟ್ಟರು. ಇದನ್ನ ಮೊಮ್ಮಗಳು ಹೇಳಿದಾಗ ನಾ ಕಣಿಕಿ ಅಲ್ಲೇ ಬಿಟ್ಟು ಕುಂತೆ. ಆ ಸಭಾದಾಗ ನನಗ ಸಿಟ್ಟು ಇತ್ತು. ಅದಕ್ಕ ದಾರಿ ಇದ್ದಿದ್ದಿಲ್ಲ.

ದಾರಿಯೂ ಆ ಪುಸ್ತಕದಾಗ ಅದ. ಮನ್ರೋ ಅನ್ನೂ ಅಮೇರಿಕಾದ ಒಬ್ಬ ಮಾಸ್ತರ 1930ರ ಸುಮಾರಿಗೆ ಐದು ಪಾವಟಿಗಿ ಕಟ್ಟಿಕೊಟ್ಟಾನ. ಮೊದಲ ಮಂದಿಯ ಲಕ್ಷ್ಯ ಹಿಡಿ. ಆಮೇಲೆ ಅಡಚಣಿ ಏನದ ತೋರಿಸು. ಅದಕ್ಕ ಉಪಾಯ ಹೇಳು. ಉಪಾಯ ಮಾಡಿದರ ಹ್ಯಾಂಗ ಆಗ್ತದ, ಮಾಡದಿದ್ದರ ಹ್ಯಾಂಗ ಆಗ್ತದ ಅಂತ ಕಣ್ಣ ಮುಂದ ನಿಲ್ಲಿಸು. ಕಡೀಕ, ಈಗ ಇದನ್ನ ಮಾಡ್ರಿ ಅಂತ ಬಾಯಿ ಬಿಟ್ಟು ಕೇಳು. ನಮ್ಮ ಹಾಡಿನಾಗ ಸ್ತುತಿ, ಸವಾಲು, ಕತೆ, ಜವಾಬು ಎಲ್ಲಾ ಅದ, ಆದರ ಕಡೀದು ಇಲ್ಲ. ನಾವು ಮಂಗಳ ಹಾಡಿ ಎದ್ದುಬಿಡ್ತೀವಿ. ಬಾಯಿ ಬಿಟ್ಟು ಕೇಳೂದು ನಮ್ಮ ಮಂದಿಗೆ ನಾಚಿಕಿ. ಬೀಜದ ಕಂಪನಿಯ ಏಜಂಟ್ ಹುಡುಗ ನಮ್ಮ ಕಟ್ಟಿಗೆ ಬಂದು ಇದೇ ಐದು ಪಾವಟಿಗಿ ಹತ್ತಿ ನಮ್ಮ ಕಿಸೆಗೆ ಕೈ ಹಾಕ್ತಾನ. ನಮಗ ಗೊತ್ತೇ ಆಗೂದಿಲ್ಲ. ಕಟ್ಟಿಯ ಹಿರಿಯರೇ, ಈ ವಿದ್ಯೆ ನಮಗ ಬ್ಯಾಡ ಅಂತೀರಿ. ನಮ್ಮ ಮ್ಯಾಲ ಅದು ದಿನಾ ನಡೀಲಾಕ ಹತ್ತ್ಯದ. ಹಾವಿನ ಮಂತ್ರ ಹಾವಾಡಿಗಗಷ್ಟೇ ಗೊತ್ತಿದ್ದರ ಸಾಕೇನು?

ಇಷ್ಟು ಹೊಗಳಿದೆ ಅಂತ ಕಾಲೇಜಿನವರು ಖುಷಿ ಆಗಬಾರದು. ಅವರ ಜೋಡಿ ನನ್ನ ಜಗಳ ಇನ್ನ ಸುರು.

ನನ್ನ ಮೊಮ್ಮಗಳು ಹತ್ತನೇತನಕ ಕನ್ನಡ ಸಾಲಿದಾಗ ಕಲಿತಾಕಿ. ಬಾಲಭಾರತಿಯ ಕನ್ನಡ ಪುಸ್ತಕ ಓದಿದಾಕಿ. ಪುಣೆದಾಗ ಕುಂತು ಮಹಾರಾಷ್ಟ್ರ ಸರಕಾರ ನಮ್ಮ ಮಕ್ಕಳ ಸಲುವಾಗಿ ಕನ್ನಡದಾಗ ಪುಸ್ತಕ ಅಚ್ಚು ಹಾಕ್ತದ, ಅದಕ್ಕ ಕೈ ಮುಗೀಬೇಕು. ಆದರ ಹತ್ತನೇ ದಾಟಿದ ಮ್ಯಾಲ ಬಹಳ ಮಕ್ಕಳಿಗೆ ಮರಾಠಿ ಇಲ್ಲವೆ ಇಂಗ್ಲಿಷ್ ಅಷ್ಟೇ ಉಳೀತದ. ಮೊದಲನೇ ಭಾಷಣದ ದಿನ ಆಕಿ ಇಂಗ್ಲಿಷಿನಾಗ ಎರಡು ನಿಮಿಷ ಮಾತಾಡಿ ನಿಂತಳು. ನಡುವ ಮರಾಠಿದಾಗ ಹೇಳ್ಲಾಕ ಹೋದಳು. ಮರಾಠಿದಾಗ ಖುರ್ಚಿ ಹೆಣ್ಣು, ದರವಾಜಾ ಗಂಡು. ಕನ್ನಡದವರಿಗೆ ಎರಡೂ 'ಅದು'. ಆಕಿ ಖುರ್ಚಿಯನ್ನ ಗಂಡು ಮಾಡಿದಳು. ವರ್ಗವೆಲ್ಲಾ ನಕ್ಕಿತು. ಕಲಿಸವರು, "ಈ ಹಳ್ಳಿ ರಾಗ ಬಿಡದಿದ್ದರ ನಿನ್ನನ್ನ ಯಾವ ಕಂಪನಿ ತಗೋತದ?" ಅಂದರಂತ. ಆಕಿ ಎರಡು ರವಿವಾರ ಊರಿಗೆ ಬರಲಿಲ್ಲ. ಬಂದಾಗ ನನ್ನ ಜೋಡಿ ಸುದ್ದಾ ಕನ್ನಡದಾಗ ಸಣ್ಣ ದನಿಲೆ ಮಾತಾಡಿದಳು. "ಯಾಕವ್ವಾ" ಅಂದೆ. "ಮುತ್ತ್ಯಾ, ನನ್ನ ದನಿನೇ ಸರಿ ಇಲ್ಲಂತ" ಅಂದಳು.

ಆ ದನಿ ನಂದು. ನನ್ನ ತಾಯಿದು. ಬೀಸೂಕಲ್ಲಿನ ಮುಂದ ಕುಂತು ಆಕಿ ಹಾಡಿದ್ದು. 1931ರಾಗ ಹಲಸಂಗಿಯ ಗೆಳೆಯರು ಇಂಥವೇ ಹಾಡು ಕೂಡಿಸಿ 'ಗರತಿಯ ಹಾಡು' ಅಂತ ಪುಸ್ತಕ ಮಾಡಿದಾಗ ದೊಡ್ಡ ದೊಡ್ಡ ಪಂಡಿತರು ತಲಿದೂಗಿದರು. ಹಲಸಂಗಿ ಏನು ದೂರ ಅದ ಏನು, ಭೀಮಾ ದಾಟಿದರ ಬಂತು. ಇಂಗ್ಲಿಷ್ ಕಲಿಸ್ರಿ, ನಾ ಬ್ಯಾಡ ಅನ್ನೂದಿಲ್ಲ. ಮರಾಠಿ ಲಿಂಗ ತಿದ್ದ್ರಿ, ಅದೂ ಬೇಕು. ಈ ರಾಜ್ಯದಾಗ ಇರವರು ನಾವು, ತಲಾಠಿಯ ಮುಂದ, ತಹಶೀಲದಾರರ ಮುಂದ ಮರಾಠಿ ಬೇಕೇ ಬೇಕು. ಮಾತಿಗೆ ಇನ್ನೊಂದು ಬಾಗಿಲ ಕೂಡಿಸೂದು ಕಲಿಸೂದು ಅಂತಾತು. ಇದ್ದ ಬಾಗಿಲಕ್ಕ ಕೀಲಿ ಹಾಕೂದು ಯಾವ ಕಲಿಸೂದು? ಎದೆಯಾಗಿನ ಅಂಜಿಕಿ ತೆಗೀಬೇಕಾದ ವರ್ಗವೇ ಅಂಜಿಕಿ ಹಾಕಿ ಕಳಿಸಿದರ ಅದಕ್ಕ ಏನನ್ನಬೇಕು?

ಜಯದೇವಿತಾಯಿ ಲಿಗಾಡೆಯವರು ಸೊಲ್ಲಾಪುರದವರು. ಸಾಲಿ ಕಲಿತದ್ದು ಮರಾಠಿ. ಕನ್ನಡ ಆಮೇಲೆ ತಾವೇ ಕಲಿತು, ನಮ್ಮ ಸಿದ್ಧರಾಮನ ಮ್ಯಾಲ ಪುರಾಣ ಬರೆದರು. 1974ರಾಗ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕ ಅಧ್ಯಕ್ಷರಾದರು, ಆ ಖುರ್ಚಿ ಮ್ಯಾಲ ಕುಂತ ಮೊದಲನೇ ಹೆಣ್ಣುಮಗಳು ಅವರೇ. ಈ ಕಡೆ ಬಾರ್ಶಿಯ ಶಾಹೀರ ಅಮರ ಶೇಖ. ಸಂಯುಕ್ತ ಮಹಾರಾಷ್ಟ್ರದ ಚಳವಳಿಯಾಗ ಅವನ ದನಿಗೆ ಮೈದಾನ ಮೈದಾನವೇ ಎದ್ದು ನಿಂತಿತ್ತು ಅಂತ ನಮ್ಮ ಗುರುಗಳು ಹೇಳ್ತಿದ್ದರು. ಇಬ್ಬರೂ ನಮ್ಮ ಜಿಲ್ಲೆಯವರು. ಇವರ ಹೆಸರು ಆ ಪುಸ್ತಕದಾಗ ಯಾಕಿಲ್ಲ ಅಂತ ಮೊಮ್ಮಗಳನ್ನ ಕೇಳಿದೆ. ಅದು ಸಿಲಾಬಸ್ಸಿನಾಗ ಬರೂದಿಲ್ಲ ಮುತ್ತ್ಯಾ ಅಂದಳು. ಸೊನ್ನಲಿಗೆಯಲ್ಲಿ ಕೆರೆ ತೋಡಿಸಿದ ಸಿದ್ಧರಾಮ ಕಲ್ಯಾಣದ ಅನುಭವ ಮಂಟಪಕ್ಕ ಹೋದ. ಅಲ್ಲಿ ದೋಣಿ ನಡೆಸವರು, ಬಟ್ಟೆ ಒಗೆಯವರು, ಹಗ್ಗ ಹೊಸೆಯವರು, ಹೆಣ್ಣುಮಕ್ಕಳು, ಎಲ್ಲಾರೂ ಎದ್ದು ಪ್ರಶ್ನೆ ಕೇಳಿದರು. ತಾವು ಮಾಡೂ ಕೆಲಸದ ಮಾತಿನಾಗೇ ಕೇಳಿದರು. ಸಿಲಾಬಸ್ಸು ಅಂದ್ರ ಅದು.

ಇನ್ನೊಂದು ತಕರಾರು ಅದ. ಆಕಿಗೆ ಪರೀಕ್ಷೆಗೆ ಕೊಟ್ಟ ವಿಷಯ ಏನು ಗೊತ್ತೇನು? ಇಲ್ಲದ ಒಂದು ಕಂಪನಿ, ಅದರ ಇಲ್ಲದ ಒಂದು ಸಾಬೂನು, ಅದನ್ನ ಕಂಪ್ಯೂಟರದಾಗ ಚಿತ್ರ ತೋರಿಸಿ ಐದು ನಿಮಿಷದಾಗ ಮಾರಬೇಕು. ಮಾರಿದಳು. ಮಾರ್ಕ್ಸೂ ಬಂದವು. ಸೊಲ್ಲಾಪುರದ ಹುಡುಗರಿಗೆ ಇಲ್ಲದ ಸಾಬೂನು ಯಾಕ ಬೇಕು? ಚಾದರು ಇಲ್ಲೇನು? ಮಗ್ಗದ ಸಪ್ಪಳ ಕಡಿಮೆ ಆಗ್ಲಾಕ ಹತ್ತ್ಯದ, ಅದರ ಮ್ಯಾಲ ಮಾತಾಡ್ರಿ ಅನ್ನಬಾರದೇನು? ಉಳ್ಳಾಗಡ್ಡಿ ಇಲ್ಲೇನು? 2023ರಾಗ ಬಾರ್ಶಿ ಕಡಿಯ ಒಬ್ಬ ರೈತ 512 ಕಿಲೋ ಉಳ್ಳಾಗಡ್ಡಿ ಸೊಲ್ಲಾಪುರ ಮಾರ್ಕೆಟಿಗೆ ತಂದ. ಗಾಡಿ ಭಾಡಿಗೆ, ಹಮಾಲಿ, ತೂಕ ಎಲ್ಲಾ ಕಳೆದು ಅವನ ಕೈಗೆ 2 ರೂಪಾಯಿಯ ಚೆಕ್ ಬಂತು, ಅದೂ ಮುಂದಿನ ತಾರೀಖಿಂದು. ದೇಶವೆಲ್ಲಾ ಆ ಚೆಕ್ಕಿನ ಫೋಟೋ ನೋಡಿತು, ಯಾಕಂದ್ರ ಅಂವ ಬಾಯಿ ಬಿಟ್ಟು ಹೇಳಿದ. ಹೇಳದೇ ಮನಿಗೆ ಹೋದವರು ಎಷ್ಟು ಮಂದಿ ಇರಬೇಕು? ಆ ಮಾರ್ಕೆಟ್ಟು ಕಾಲೇಜಿನಿಂದ ರಿಕ್ಷಾದ ದಾರಿ. ಒಂದು ದಿನ ವಿದ್ಯಾರ್ಥಿಗಳನ್ನ ಲಿಲಾವು ನಡೆಯೂ ಹೊತ್ತಿಗೆ ಅಲ್ಲಿ ನಿಲ್ಲಿಸಿದರ ವ್ಯಾಪಾರದ ಮಾತು ಅಂದ್ರ ಏನು, ಯಾರ ದನಿ ಏರ್ತದ, ಯಾರ ದನಿ ಇಳೀತದ ಅಂತ ತಿಳೀತದ.

ನಮ್ಮ ವ್ಯಾಪಾರದ ಮಾತಂತೂ ಕೇಳಬ್ಯಾಡ್ರಿ. ಗಡ್ಡಾ ಜಾತ್ರೆಯ ದನದ ಪೇಟೆಯಲ್ಲಿ ನೋಡ್ರಿ, ದಲಾಲ ಟವೆಲಿನ ಕೆಳಗ ಕೈ ಹಿಡಕೊಂಡು ಬೆರಳಿನಿಂದ ರೇಟು ಹೇಳ್ತಾನ. ಎತ್ತು ನಂದು, ಬೆರಳು ಅವಂದು, ಮಾತು ಯಾರಿಗೂ ಕೇಳೂದಿಲ್ಲ. ನಾ ಚಿಕ್ಕಂವ ಇದ್ದಾಗ ಅದನ್ನ ದೊಡ್ಡ ಜಾಣತನ ಅಂತ ತಿಳಿದಿದ್ದೆ.

ಈಗ ಮಾಸ್ತರರೇ, ನಿಮ್ಮ ಪಾಳಿ. ಸಿಟ್ಟಾಗಬ್ಯಾಡ್ರಿ. 15 ಆಗಸ್ಟಿಗೆ, 26 ಜನವರಿಗೆ ನಮ್ಮ ಮಕ್ಕಳು ಭಾಷಣ ಮಾಡ್ತಾರ. "ಅಧ್ಯಕ್ಷ ಮಹೋದಯರೇ, ಪೂಜ್ಯ ಗುರುಗಳೇ, ನನ್ನ ಬಾಲಮಿತ್ರರೇ, ನಾ ಹೇಳೂ ಎರಡು ಶಬ್ದ ಶಾಂತಚಿತ್ತದಿಂದ ಕೇಳಬೇಕೆಂದು ವಿನಂತಿ." ನಾ ಸಾಲಿದಾಗ ಇದ್ದಾಗೂ ಇದೇ ಇತ್ತು, ನನ್ನ ಮಗಾ ಇದನ್ನೇ ಹೇಳಿದ, ಮೊಮ್ಮಗಳೂ ಇದನ್ನೇ ಹೇಳಿದಳು. ಬರೆದು ಕೊಟ್ಟವರು ನೀವು. ಬಾಯಿಪಾಠ ಮಾಡಿದ್ದು ಕೂಸು. ನಡುವ ಒಂದು ಶಬ್ದ ಮರೆತರ ಕೂಸು ಕಣ್ಣು ಮುಚ್ಚಿಕೊಂಡು ಮೊದಲಿಂದ ಸುರು ಮಾಡ್ತದ, ನಾವು ಚಪ್ಪಾಳಿ ಹೊಡೀತೀವಿ. ಆ ಕೂಸಿಗೆ ತನ್ನ ಸಾಲಿಯ ಸಂಡಾಸಕ್ಕ ನೀರಿಲ್ಲ ಅನ್ನೂದು ಗೊತ್ತದ. ಅದನ್ನ ಆ ಮೈಕಿನಾಗ ಹೇಳ್ಲಾಕ ಒಮ್ಮೆ ಬಿಟ್ಟೀರೇನು? ಹತ್ತು ವರ್ಷ ಬೇರೆಯವರು ಬರೆದ ಮಾತು ಒಪ್ಪಿಸಿದ ಹುಡುಗ ದೊಡ್ಡವ ಆದ ಮ್ಯಾಲ ಸಭಾದಾಗ "ಮಂಜೂರ" ಅನ್ನದೇ ಏನಂತಾನ?

ಹಿರಿಯರೇ, ನಮ್ಮ ಗ್ರಾಮಸಭಾ ನೋಡ್ರಿ. 26 ಜನವರಿ, 1 ಮೇ, 15 ಆಗಸ್ಟ್, 2 ಅಕ್ಟೋಬರ್. ಕಾಯ್ದೆ ನಮಗ ಮೈಕ ಕೊಟ್ಟದ. ಗ್ರಾಮಸಭೆಕ್ಕಿಂತ ಮೊದಲ ಹೆಣ್ಣುಮಕ್ಕಳ ಸಭಾ ಬ್ಯಾರೆ ಆಗಬೇಕಂತ ಕಾಯ್ದೆದಾಗೇ ಬರೆದದ. ಆಗೂದೇನು? ಶಿಪಾಯಿ ವಹಿ ಹಿಡಕೊಂಡು ಮನಿಮನಿಗೆ ಬರ್ತಾನ, ನಮ್ಮ ಸೊಸಿಯಂದಿರು ಒಲಿ ಮುಂದ ಕುಂತು ಅಂಗಠಾ ಒತ್ತತಾರ, ಸಹಿ ಮಾಡ್ತಾರ. ಸಭಾ ಆತು. ನಾ ನನ್ನ ಸೊಸಿಗೆ ಹತ್ತು ವರ್ಷ ಹಂಗೇ ಸಹಿ ಮಾಡಿಸೀನಿ. ಅದಕ್ಕೇ ನನ್ನ ಜೋಡಿಯೂ ನನ್ನ ಜಗಳ ಅದ ಅನ್ನೂದು.

ಮತ್ತೊಂದು ಹೇಳಿಬಿಡ್ತೀನಿ, ಹೊಟ್ಟೆಯಾಗ ಇಟ್ಟುಕೊಂಡು ಬಹಳ ದಿನ ಆತು. ಹಿಂದಕ್ಕ ಒಂದು ಜಾತ್ರೆಯಾಗ ನಾಗೇಶಿ ಮೇಳದ ಒಬ್ಬ ಹೆಣ್ಣುಮಗಳು ನನಗ ಸವಾಲು ಹಾಕಿದಳು. ನನಗ ಜವಾಬು ಬರಲಿಲ್ಲ. ಬರಲಾರದ್ದಕ್ಕ ಆಕಿಯ ಸೀರಿ ಮ್ಯಾಲ, ಆಕಿಯ ಗಂಡನ ಮ್ಯಾಲ ಹಲಕಾ ಚಾಷ್ಟಿ ಮಾಡಿ ಹಾಡಿದೆ. ಮಂದಿ ಕೇಕಿ ಹೊಡೆದರು, ಗೆದ್ದಂಗಾತು. ನಮ್ಮ ಗುರುಗಳು ಆಗ ಬದುಕಿದ್ದರು. ಎದುರಿನವರ ಸವಾಲನ್ನ ಮೊದಲ ನಿನ್ನ ಬಾಯಿಲೆ ಪೂರಾ ಹೇಳು, ಆಮೇಲೆ ಜವಾಬು ಕೊಡು ಅಂತ ಅವರು ಹಾಕಿಕೊಟ್ಟ ನಿಯಮ. ಅವತ್ತು ನಾ ಅದನ್ನ ಮುರಿದಿದ್ದೆ. ಮರುದಿನ ಬೆಳಿಗ್ಗೆ ಗುರುಗಳು ನನ್ನ ಕೈಯಾಗಿಂದ ಡಪ್ಪು ಇಸಕೊಂಡು ಒಂದು ವರ್ಷ ಕೊಡಲಿಲ್ಲ. ಈಗಿನ ರಾಜಕಾರಣದ ಭಾಷಣ ಕೇಳಿದಾಗೆಲ್ಲಾ ಆ ರಾತ್ರಿ ನೆನಪಾಗ್ತದ. ಕಾಲೇಜಿನ ಪುಸ್ತಕದಾಗ ಕೇಳೂದರ ಮ್ಯಾಲ ಒಂದು ಪಾಠ ಅದ ಅಂತ ಮೊಮ್ಮಗಳು ಹೇಳಿದಳು. ವೇಳೆ ಇರಲಿಲ್ಲ ಅಂತ ಅದನ್ನ ಬಿಟ್ಟರಂತ.

ಇನ್ನ ಕಬ್ಬಿನ ಬಿಲ್ಲಿನ ಕತೆ ಮುಗಿಸ್ತೀನಿ. ಹೋದ ವರ್ಷವೂ ಬಿಲ್ಲು ಅರ್ಧಕ್ಕ ನಿಂತಿತ್ತು. ಸಪ್ಟೆಂಬರದಾಗ ಸಭಾ ಬಂತು. ಮಾತಾಡೂ ಹಕ್ಕು ಸಭಾಸದಗ, ಮೊಮ್ಮಗಳಿಗಲ್ಲ. ಅದಕ್ಕ ಆಕಿ ನನಗ ವರ್ಗ ತಗೊಂಡಳು, ದನದ ಕೊಟ್ಟಿಗೆಯಾಗ, ಕಂದೀಲಿನ ಬದಲು ಮೊಬೈಲಿನ ಬ್ಯಾಟರಿ ಹಚ್ಚಿ. ನಾ ಮೊದಲ ಸಾಲದ ಕತೆ ಹೇಳಿದೆ. "ಮುತ್ತ್ಯಾ, ಅದನ್ನ ಬಿಡು" ಅಂದಳು. ತೂಕದ ಸಂಶಯ ಹೇಳಿದೆ. "ಪುರಾವೆ ಅದ ಏನು? ಇಲ್ಲಂದ್ರ ಅದನ್ನೂ ಬಿಡು. ಒಂದೇ ಮಾತು ಹಿಡಿ." ಕಬ್ಬಿನ ನಿಯಂತ್ರಣ ಆದೇಶ 1966ರದು. ಕಬ್ಬು ಮುಟ್ಟಿದ 14 ದಿವಸದಾಗ ಬಿಲ್ಲು ಕೊಡಬೇಕು, ತಡ ಆದರ ವರ್ಷಕ್ಕ ಶೇಕಡಾ 15ರಂತೆ ಬಡ್ಡಿ ಕೊಡಬೇಕು ಅಂತ ಅದರಾಗ ಅದ. ಇದನ್ನ ಆಕಿ ಹುಡುಕಿ ತೆಗೆದಳು. ನಲವತ್ತು ವರ್ಷ ಕಬ್ಬು ಹಚ್ಚಿದ ನನಗ ಗೊತ್ತಿದ್ದಿಲ್ಲ. ತಪ್ಪು ಬರದಂಗ ಮರಾಠಿ ವಾಕ್ಯ ಸಣ್ಣ ಸಣ್ಣವು ಮಾಡಿ ಕೊಟ್ಟಳು. ಅದರ ಬದಲಿಗೆ ನಾ ಆಕಿಗೆ ದಮ್ಮು ಹಿಡಿಯೂದು ಕಲಿಸಿದೆ. ಹೊಟ್ಟೆಯಿಂದ ದನಿ ತೆಗೀಬೇಕು, ಗಂಟಲದಿಂದಲ್ಲ, ಸಾಲಿನ ಕಡೀಕ ದನಿ ಬೀಳಿಸಬಾರದು, ಮಂದಿ ಗದ್ದಲ ಮಾಡಿದರ ಚೀರಬಾರದು, ಸುಮ್ಮ ನಿಂತು ನೋಡಬೇಕು. ಇದು ಅವರ ಪುಸ್ತಕದಾಗೂ ಅದಂತ, ಆದರ ಯಾರೂ ಮಾಡಿ ತೋರಿಸಿದ್ದಿಲ್ಲಂತ.

ಸಭಾದಾಗ ಎದ್ದೆ. ಕಾಲು ನಡುಗಿದವು, ಸುಳ್ಳಲ್ಲ. ಕಬ್ಬು ಕೊಟ್ಟ ತಾರೀಖು ಹೇಳಿದೆ. 14 ದಿವಸ ಹೇಳಿದೆ. ಇವತ್ತಿನ ತಾರೀಖು ಹೇಳಿದೆ. ಉಳಿದ ಹಣ ಯಾವ ದಿನ ಕೊಡ್ತೀರಿ, ಬಡ್ಡಿ ಕೊಡ್ತೀರೋ ಇಲ್ಲೋ, ಎರಡೂ ಜವಾಬು ಠರಾವು ಪುಸ್ತಕದಾಗ ಬರೀರಿ ಅಂದೆ. "ಬಸಾ ಮಾಮಾ" ಅಂದರು. ಬರೆದ ಮ್ಯಾಲ ಕುಂದ್ರತೀನಿ ಅಂದೆ. ಹಿಂದಿನಿಂದ "ಮಂಜೂರ" ಕೂಗು ಬಂತು. ಸುಮ್ಮ ನಿಂತು ನೋಡಿದೆ. ಕೂಗು ತಾನಾಗೇ ಇಳೀತು. ಆಗ ನನ್ನ ಹಿಂದ ಇನ್ನಿಬ್ಬರು ಎದ್ದರು, ಜೀ ಜೀ ಅನ್ನವರು ಎದ್ದಂಗ. ಒಬ್ಬಂವ ಪುಣೆಯ ಸಾಖರ ಆಯುಕ್ತರಿಗೆ ಅರ್ಜಿ ಕೊಡೂ ಮಾತು ತೆಗೆದ. ಬರೆದರು. ದೀವಳಿಗಿ ಹೊತ್ತಿಗೆ ಬಿಲ್ಲು ಬಂತು. ಬಡ್ಡಿ ಇನ್ನೂ ಬಂದಿಲ್ಲ.

ಅದಕ್ಕ ನಾ ಕೇಳೂದು ಇಷ್ಟು. ಕಾಲೇಜಿನ ಫೀ ಕಟ್ಟಲಾಕ ಎಲ್ಲಾರಿಗೂ ಆಗೂದಿಲ್ಲ. ಸೊಲ್ಲಾಪುರದಾಗ ಖಾಸಗಿ ಕ್ಲಾಸಿನವರು ಧೈರ್ಯ ಮಾರ್ತೀವಿ ಅಂತ ಬೋರ್ಡು ಹಾಕ್ಯಾರ, ಅವರ ಹತ್ತಿರ ಹೋಗಬ್ಯಾಡ್ರಿ. ನಮ್ಮ ವಾಚನಾಲಯದಾಗ ಶನಿವಾರ ಸಂಜೀಕ ಒಂದು ತಾಸು ಖಾಲಿ ಅದ. ಒಬ್ಬೊಬ್ಬರು ಮೂರು ಮಿನಿಟು ಮಾತಾಡಬೇಕು, ಕನ್ನಡದಾಗ, ಬೇಕಾದವರು ಅದನ್ನೇ ಮರಾಠಿದಾಗ ಹೊಳ್ಳಿ ಹೇಳಬೇಕು. ಎದುರಿನವರು ಜವಾಬು ಕೊಡೂಕ್ಕಿಂತ ಮೊದಲ ಕೇಳಿದ ಮಾತನ್ನ ತಮ್ಮ ಬಾಯಿಲೆ ಹೇಳಬೇಕು. ಮಾಸ್ತರರು ಬರೆದು ಕೊಡಬಾರದು, ಕುಂತು ಕೇಳಬೇಕು. ಮೊದಲನೇ ವಿಷಯ, ನೀರಿನ ಟಾಕಿಗೆ ಬಂದ ಹಣ ಎಲ್ಲಿಗೆ ಬಂತು ಅನ್ನೂದು, ಯಾಕಂದ್ರ 2 ಅಕ್ಟೋಬರಿಗೆ ಗ್ರಾಮಸಭಾ ಅದ.

ಮೊಮ್ಮಗಳಿಗೆ ಮೊದಲ ನೀ ಮಾತಾಡು ಅಂದೆ. ಒಲ್ಲೆ ಅಂದಳು. ಮೊದಲ ಅವ್ವ ಮಾತಾಡಬೇಕು, ಆಮೇಲೆ ನಾನು ಅಂದಳು. ನನ್ನ ಸೊಸಿ ಎರಡು ದಿನ ಏನೂ ಹೇಳಲಿಲ್ಲ. ನಿನ್ನೆ ರೊಟ್ಟಿ ಬಡೀತ, "ಮಾವಾ, ಮೂರು ಮಿನಿಟು ಸಾಲೂದಿಲ್ಲ, ನನಗ ಐದು ಬೇಕು" ಅಂದಾಳ. ಹೆಸರು ಬರೆಸವರು ವಾಚನಾಲಯದ ಹುಡುಗರ ಹತ್ತಿರ ಬರೆಸಬೇಕು. ಸದ್ಯಕ್ಕ ನಾಲ್ಕು ಹೆಸರು ಆಗ್ಯಾವ, ಕಟ್ಟಿಯವರದು ಒಂದೂ ಇಲ್ಲ.